ಒಂದೇ ಉಡುಪಿನಲ್ಲಿ ಯೋಧ ಮತ್ತು ಕೊಲೆಗಾರ: ರಂಗದ ಮೇಲೆ ನಾನು ಮಾಡಿದ ಬಗೆ

ಯುದ್ಧಕಾಲದಲ್ಲಿ ಮುಖವಾಡ ತೊಟ್ಟು ದೇಶಕ್ಕಾಗಿ ಹೋರಾಡಿದವನೊಬ್ಬ, ಯುದ್ಧ ಮುಗಿದ ಮೇಲೆ ಭ್ರಮನಿರಸನಗೊಂಡು, ಅದೇ ಮುಖವಾಡದಲ್ಲಿ ತಾನೇ ನ್ಯಾಯಾಧೀಶನಾಗಿ ಕೊಲ್ಲುತ್ತಾ ಹೋಗುವ ಕಥೆಯನ್ನು ದಾವಣಗೆರೆಯ ನಮ್ಮ ಹವ್ಯಾಸಿ ತಂಡಕ್ಕಾಗಿ ನಾಟಕ ಮಾಡಿದೆ. ಎರಡನೆಯ ಅಂಕಕ್ಕೆ ಉಡುಪು ಬದಲಾಯಿಸದಿದ್ದರೆ ಪಾತ್ರ ನಿಲ್ಲುವುದಿಲ್ಲ ಎಂದು ಹಿರಿಯ ನಟರಿಂದ ಹಿಡಿದು ಬೆಳಕಿನವರವರೆಗೆ ಎಲ್ಲರೂ ಹೇಳಿದರು. ಈಗ ಅದೇ ನಾಟಕ ಒಂದೇ ಉಡುಪಿನಲ್ಲಿ ದಾವಣಗೆರೆಯಲ್ಲೂ ಚಿತ್ರದುರ್ಗ ಜಿಲ್ಲೆಯ ಕೆಲವು ಊರುಗಳಲ್ಲೂ ನಡೆದಿದೆ, ಮತ್ತೆ ಮತ್ತೆ ಕರೆ ಬರುತ್ತಿದೆ. ಹೇಗೆ ಮಾಡಿದಿರಿ ಎಂದು ಕೇಳುವ ಸ್ನೇಹಿತರು ಹೆಚ್ಚಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕಥೆಯನ್ನು ಅದು ಹುಟ್ಟಿದ ಅಮೆರಿಕದಲ್ಲಿಯೇ ಇಟ್ಟುಕೊಂಡೆ. ಅಲ್ಲಿ 1941ರ ಮಾರ್ಚ್ ತಿಂಗಳ ಹೆಸರು ಹೊತ್ತು ಬಂದ ಒಂದು ಕಾಮಿಕ್ಸ್ ಸಂಚಿಕೆಯ ಮುಖಪುಟದಲ್ಲಿ, ಧ್ವಜದ ಬಣ್ಣಗಳನ್ನೇ ಮೈಮೇಲೆ ಹೊತ್ತ ವೀರನೊಬ್ಬ ಹಿಟ್ಲರನ ದವಡೆಗೆ ಗುದ್ದುತ್ತಿದ್ದ. ಅಮೆರಿಕ ಯುದ್ಧಕ್ಕೆ ಇಳಿದದ್ದು ಆ ವರ್ಷದ ಡಿಸೆಂಬರಿನಲ್ಲಿ. ನನ್ನ ನಾಯಕ ಅಂಥ ವೀರರ ಸಾಲಿನವನು, ಅವನ ಉಡುಪಿನದೂ ಅದೇ ಕೆಂಪು, ನೀಲಿ, ಬಿಳಿ ಬಣ್ಣ. ಮೊದಲ ಅಂಕದಲ್ಲಿ ಅವನು ಊರೂರು ತಿರುಗಿ, ಹದಿನೆಂಟೂಮುಕ್ಕಾಲು ಡಾಲರ್ ಕೊಟ್ಟರೆ ಹತ್ತು ವರ್ಷಕ್ಕೆ ಇಪ್ಪತ್ತೈದು ಡಾಲರ್ ಕೊಡುವ ಯುದ್ಧ ಬಾಂಡುಗಳನ್ನು ಮಾರುತ್ತಾನೆ, ಆಮೇಲೆ ಯುರೋಪಿನ ರಣರಂಗಕ್ಕೆ ಹೋಗುತ್ತಾನೆ. ಅವನನ್ನು ಮುರಿಯುವ ಘಟನೆಗೆ ಆಧಾರವಾಗಿ 1946ರ ಫೆಬ್ರವರಿಯಲ್ಲಿ ನಿಜವಾಗಿ ನಡೆದದ್ದನ್ನು ತೆಗೆದುಕೊಂಡೆ. ಐಸಾಕ್ ವುಡಾರ್ಡ್ ಎಂಬ ಕಪ್ಪು ಜನಾಂಗದ ಸಾರ್ಜೆಂಟ್ ಸೇನೆಯಿಂದ ಗೌರವದ ಬಿಡುಗಡೆ ಪಡೆದು, ಇನ್ನೂ ಸಮವಸ್ತ್ರದಲ್ಲಿಯೇ ಬಸ್ಸಿನಲ್ಲಿ ಮನೆಗೆ ಹೊರಟಿದ್ದಾಗ, ಚಾಲಕನೊಂದಿಗೆ ಮಾತಿಗೆ ಮಾತು ಬೆಳೆದು, ದಕ್ಷಿಣ ಕೆರೊಲಿನಾದ ಪೊಲೀಸರು ಹೊಡೆದು ಅವನ ಎರಡೂ ಕಣ್ಣುಗಳನ್ನು ಕುರುಡಾಗಿಸಿದರು. ಬಿಳಿಯರೇ ತುಂಬಿದ್ದ ಜ್ಯೂರಿ, ಅಂದರೆ ತೀರ್ಪು ಕೊಡಲು ಕೂರಿಸಿದ ನಾಗರಿಕರ ಮಂಡಳಿ, ಅದೇ ವರ್ಷದ ನವೆಂಬರಿನಲ್ಲಿ ಅರ್ಧ ಗಂಟೆಯೊಳಗೆ, ಹೊಡೆದ ಪೊಲೀಸ್ ಮುಖ್ಯಸ್ಥನನ್ನು ಬಿಡುಗಡೆ ಮಾಡಿತು. ಇದರ ಜೊತೆಗೆ ಹಿಟ್ಲರನಿಗೆ ರಾಕೆಟ್ ಮಾಡಿಕೊಟ್ಟ ಎಂಜಿನಿಯರುಗಳನ್ನು ಅಮೆರಿಕದ ಸೇನೆಯೇ 1945ರಿಂದ ಕರೆತಂದು ಸಂಬಳ ಕೊಟ್ಟು ಇಟ್ಟುಕೊಂಡಿತ್ತು. ಇಷ್ಟು ತಿಳಿದ ಮೇಲೆ ಒಬ್ಬ ಪ್ರಾಮಾಣಿಕ ಯೋಧನ ತಲೆ ಕೆಡುವುದಕ್ಕೆ ನಾನು ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ. ನಾಟಕದಲ್ಲಿ ಹೆಸರುಗಳನ್ನು ಬದಲಿಸಿದೆ. ನಾಯಕ ಮೊದಲು ಪೊಲೀಸ್ ಅಧಿಕಾರಿಯನ್ನು ಕೊಲ್ಲುತ್ತಾನೆ, ನಂತರ ಜ್ಯೂರಿಯ ಒಬ್ಬನನ್ನು, ಕೊನೆಗೆ ದೂರು ಕೊಟ್ಟ ಬಸ್ ಚಾಲಕನನ್ನು.

ಈ ಮೂರನೆಯ ಕೊಲೆಗೆ ಪ್ರೇಕ್ಷಕರು ಚಪ್ಪಾಳೆ ತಟ್ಟಬಾರದು. ನಾಟಕದ ಜೀವ ಇರುವುದು ಅಲ್ಲಿಯೇ. ಹಿರಿಯರ ಮಾತಿಗೆ ಬೆಲೆ ಕೊಟ್ಟು ಮೊದಲ ಕೆಲವು ಪ್ರದರ್ಶನಗಳಲ್ಲಿ ಎರಡನೆಯ ಅಂಕಕ್ಕೆ ಕಪ್ಪು ಉಡುಪನ್ನೇ ಹಾಕಿಸಿದ್ದೆವು. ಕಪ್ಪು ಅಂಗಿ ರಂಗಕ್ಕೆ ಬಂದೊಡನೆ ಹಿಂದಿನ ಸಾಲುಗಳಿಂದ ಶಿಳ್ಳೆ ಬಿತ್ತು, ಬಸ್ ಚಾಲಕ ಸತ್ತಾಗ ಶಿಳ್ಳೆ ಇನ್ನೂ ಜೋರಾಯಿತು. ನಮ್ಮ ಕಡೆಯ ಜನ ಬಯಲಾಟ ನೋಡಿ ಬೆಳೆದವರು; ವೇಷ ಕಂಡೊಡನೆ ಪಾತ್ರವನ್ನು ಗುರುತಿಸುತ್ತಾರೆ, ಹೊಸ ವೇಷ ಬಂದರೆ ಹೊಸ ಪಾತ್ರ ಬಂದಿತೆಂದೇ ತಿಳಿಯುತ್ತಾರೆ. ಬಾಂಡ್ ಮಾರುತ್ತಿದ್ದ ಒಳ್ಳೆಯವನು ಎಲ್ಲಿಯೋ ಹೋದ, ಈಗ ಬಂದಿರುವವನು ಬೇರೊಬ್ಬ ಶೂರ ಎಂದು ಅವರು ಕಂಡರೆ, ಇಡೀ ನಾಟಕ ವ್ಯರ್ಥ. ತಾವು ಮೊದಲ ಅಂಕದಲ್ಲಿ ಚಪ್ಪಾಳೆ ತಟ್ಟಿದ ಉಡುಪೇ ಕೊಲ್ಲುತ್ತಿದೆ ಎಂಬುದು ಅವರ ಕಣ್ಣಿಗೆ ಕಾಣಲೇಬೇಕು ಎಂದು ನಾನು ಪಟ್ಟು ಹಿಡಿದೆ.

ಉಪಾಯ ಸಿಕ್ಕಿದ್ದು ಬೆಳಕಿನಲ್ಲಿ. ಅಪ್ಪಟ ಹಸಿರು ಬೆಳಕಿನಲ್ಲಿ ಕೆಂಪು ಬಟ್ಟೆಯೂ ಕಪ್ಪು, ನೀಲಿ ಬಟ್ಟೆಯೂ ಕಪ್ಪು, ಬಿಳಿಯದು ಮಾತ್ರ ಹಸಿರಾಗಿ ಉಳಿಯುತ್ತದೆ. ಇದು ಬೆಳಕಿನ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿರುವುದನ್ನು ಎರಡು ಗಂಟೆಯ ನಾಟಕದಲ್ಲಿ ಪ್ರತಿ ಸಲವೂ ತಪ್ಪದೆ ಆಗುವಂತೆ ಮಾಡುವುದಕ್ಕೆ ನನ್ನ ಹಣವೂ ಸಮಯವೂ ಹೋದವು.

ಮೊದಲ ಉಡುಪನ್ನು ಚೌಕಿಪೇಟೆಯಲ್ಲಿ ತಂದ ಸ್ಯಾಟಿನ್‌ನಲ್ಲಿ ಹೊಲಿಸಿದ್ದೆ. ಬಟ್ಟೆ, ಹೊಲಿಗೆ ಎಲ್ಲ ಸೇರಿ ಐದು ಸಾವಿರದ ಹತ್ತಿರ ಆಗಿತ್ತು. ಹಸಿರು ಬೆಳಕು ಬಿದ್ದಾಗ ಬಣ್ಣವೇನೋ ಸತ್ತಿತು, ಆದರೆ ಸ್ಯಾಟಿನ್‌ನ ಹೊಳಪು ಸಾಯಲಿಲ್ಲ. ತೋಳಿನ ಮಡಿಕೆ ಮಡಿಕೆಯಲ್ಲೂ ಹಸಿರು ಗೆರೆಗಳು ಮಿನುಗಿದವು. ಒಗೆದು ನೋಡಿದೆವು, ತೆಳುವಾಗಿ ಗಂಜಿ ಹಾಕಿ ಒಣಗಿಸಿ ನೋಡಿದೆವು, ಹೊಳಪು ಹೋಗಲಿಲ್ಲ. ಆಮೇಲೆ ಹೊಳಪಿಲ್ಲದ ಹತ್ತಿ ಪಾಪ್ಲಿನ್‌ಗೆ ಬಂದೆ. ಟೇಲರ್ ನನ್ನ ಮುಖ ನೋಡಿ, ‘ಮೇಷ್ಟ್ರೇ, ಇದು ಲಂಗಕ್ಕೆ ಒಳಗೆ ಕೊಡೋ ಬಟ್ಟೆ, ಹೀರೋಗೆ ಹಾಕಿಸ್ತೀರಾ?’ ಎಂದರು. ಹಾಕಿಸಿದೆ. ಖರ್ಚು ಸ್ಯಾಟಿನ್‌ನ ಅರ್ಧವೂ ಆಗಲಿಲ್ಲ.

ನೀಲಿ ಬಣ್ಣದ ಆಯ್ಕೆಯಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ನವಿಲು ನೀಲಿಯಲ್ಲಿ ಹಸಿರಿನ ಅಂಶ ಇರುವುದರಿಂದ ಅದು ಕಪ್ಪಾಗದೆ ಮಂಕು ಹಸಿರಾಗಿ ಉಳಿಯುತ್ತದೆ. ನೇರಳೆಯ ಕಡೆಗೆ ವಾಲುವ ನೀಲಿಯೇ ಆಗಬೇಕು. ಕೆಂಪಿನಲ್ಲೂ ಕಿತ್ತಳೆಯ ಛಾಯೆ ಇರುವುದನ್ನು ಬಿಟ್ಟು ರಕ್ತಗೆಂಪನ್ನು ಹಿಡಿಯಬೇಕು. ನಾನು ಅಂಗಡಿಗೆ ಒಂದು ಹಸಿರು ಎಲ್‌ಇಡಿ ಟಾರ್ಚ್ ತೆಗೆದುಕೊಂಡು ಹೋಗಿ, ಮೆಟ್ಟಿಲ ಕೆಳಗಿನ ಕತ್ತಲಿನಲ್ಲಿ ಥಾನುಗಳನ್ನು ಬಿಡಿಸಿ ನೋಡಿ ಆರಿಸಿದೆ. ಅಂಗಡಿಯವರು ಬೇಸರಿಸದೆ ಹತ್ತಾರು ಥಾನು ಇಳಿಸಿಕೊಟ್ಟರು.

ದೀಪಗಳ ವಿಷಯದಲ್ಲಿ ಹ್ಯಾಲೊಜನ್‌ಗೆ ಹಸಿರು ಜೆಲ್, ಅಂದರೆ ಬಣ್ಣದ ಪಾರದರ್ಶಕ ಹಾಳೆ, ಹಾಕಿ ಮಾಡಿದ ಪ್ರಯತ್ನ ಫಲ ಕೊಡಲಿಲ್ಲ. ಜೆಲ್ ಬೇರೆ ಬಣ್ಣಗಳನ್ನೂ ಸ್ವಲ್ಪ ಬಿಡುತ್ತದೆ, ಕೆಂಪು ಬಟ್ಟೆ ಕಂದಾಗಿ ನಿಲ್ಲುತ್ತದೆ. ಬಾಡಿಗೆಯೇ ಒಂದು ಪ್ರದರ್ಶನಕ್ಕೆ ಆರು ಸಾವಿರದಷ್ಟಾಗುತ್ತಿತ್ತು. ಮದುವೆ ಮೆರವಣಿಗೆಗಳಿಗೆ ದೀಪ ಕೊಡುವವರೊಬ್ಬರಿಂದ, ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ಉರಿಸಬಹುದಾದ ಎಂಟು ಹಳೆಯ ಎಲ್‌ಇಡಿ ಪಾರ್‌ಗಳನ್ನು ತಲಾ ಒಂದೂವರೆ ಸಾವಿರದ ಲೆಕ್ಕದಲ್ಲಿ ಕೊಂಡುಬಿಟ್ಟೆ. ಅವುಗಳಲ್ಲಿ ಹಸಿರನ್ನೊಂದನ್ನೇ ಉರಿಸಿದರೆ ಉಡುಪು ನಿಜಕ್ಕೂ ಕಪ್ಪಾಗುತ್ತದೆ. ಬಿಳಿಯಿಂದ ಹಸಿರಿಗೆ ಥಟ್ಟನೆ ಹೋದರೆ ಆರ್ಕೆಸ್ಟ್ರಾ ಕಾರ್ಯಕ್ರಮ ಆಗಿಬಿಡುತ್ತದೆ, ಮಕ್ಕಳು ಕೂಗುತ್ತಾರೆ. ಜ್ಯೂರಿಯ ತೀರ್ಪಿನಿಂದ ಶುರುಮಾಡಿ ಸುಮಾರು ನಾಲ್ಕು ನಿಮಿಷ ಎಳೆದು ಎಳೆದು ಬಿಳಿಯನ್ನು ಇಳಿಸುತ್ತೇವೆ. ಪ್ರೇಕ್ಷಕರಿಗೆ ದೀಪ ಬದಲಾದದ್ದು ತಿಳಿಯುವುದಿಲ್ಲ, ಮನುಷ್ಯ ಬದಲಾದದ್ದು ತಿಳಿಯುತ್ತದೆ.

ಕಪ್ಪು ಪರದೆಯ ಮುಂದೆ ಮೂರನೆಯ ಕೊಲೆ ನಡೆಯುವಾಗ ನಾಯಕನ ಮೈ ಪೂರ್ತಿ ಮಾಯವಾಗಿ, ಎದೆಯ ಬಿಳಿಯ ನಕ್ಷತ್ರ ಮಾತ್ರ ಗಾಳಿಯಲ್ಲಿ ತೇಲುತ್ತಾ ಬಸ್ ಚಾಲಕನ ಹತ್ತಿರ ಬರುತ್ತದೆ. ಆ ನಕ್ಷತ್ರವನ್ನು ಕೋರಾ ಬಟ್ಟೆಯಲ್ಲಿ ಹೊಲಿಸಿದ್ದೇನೆ, ಅಚ್ಚ ಬಿಳಿ ಕಣ್ಣಿಗೆ ಹೊಡೆಯುತ್ತದೆ. ಕೊಲೆಯಾದ ಕೂಡಲೇ ಪೂರ್ತಿ ಬಿಳಿ ಬೆಳಕು. ಅಷ್ಟು ಹೊತ್ತು ಹಸಿರನ್ನೇ ನೋಡಿದ ಕಣ್ಣಿಗೆ ಎಲ್ಲವೂ ಕೆಂಪಾಗಿ ಕಾಣುತ್ತದೆಯಾದ್ದರಿಂದ, ಬಾಂಡ್ ಮಾರುತ್ತಿದ್ದಾಗ ಇದ್ದುದಕ್ಕಿಂತ ಉಡುಪು ಹೆಚ್ಚು ಕೆಂಪಾಗಿ, ಹೊಸದಾಗಿ ನಿಂತಿರುತ್ತದೆ. ಒಂದು ಶಿಳ್ಳೆಯೂ ಬೀಳುವುದಿಲ್ಲ. ಕಪ್ಪು ಉಡುಪೇ ಬೇಕು ಎಂದು ವಾದಿಸಿದ್ದ ನಮ್ಮ ಹಿರಿಯ ನಟರು ಸಭಾಂಗಣದ ಕೊನೆಯಲ್ಲಿ ನಿಂತು ನೋಡಿ, ಗ್ರೀನ್ ರೂಮಿಗೆ ಬಂದು ನನ್ನ ಕೈ ಹಿಡಿದುಕೊಂಡರು. ಈ ದೃಶ್ಯವನ್ನು ನಮ್ಮ ಭಾಗದಲ್ಲಿ ಇಷ್ಟು ಚೆನ್ನಾಗಿ ಮತ್ತೊಬ್ಬರು ಮಾಡಿದ್ದನ್ನು ನಾನು ಕಂಡಿಲ್ಲ. ಮುಖವಾಡದ ಕಣ್ಣಿನ ಅಂಚಿಗೆ ನಾವು ಏನು ಬಳಿಯುತ್ತೇವೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ತಂಡದಲ್ಲಿ ಇಬ್ಬರಿಗಷ್ಟೇ ಹೇಳಿದ್ದೇನೆ.

ನಡುವೆ ರಕ್ತಕ್ಕಾಗಿ ಇನ್ನೊಂದು ಪ್ರಯೋಗ ಮಾಡಿದೆ. ನಕ್ಷತ್ರವನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿ, ಸತ್ತವನ ಅಂಗೈಗೆ ಸುಣ್ಣದ ತಿಳಿನೀರು ಹಚ್ಚಿದರೆ, ಅವನು ನಾಯಕನ ಎದೆ ಹಿಡಿದ ಜಾಗದಲ್ಲಿ ಓಕುಳಿಯಂತೆ ಕೆಂಪು ಕೈಗುರುತು ಮೂಡುತ್ತದೆ. ಬಿಳಿ ಬೆಳಕಿನ ತಾಲೀಮಿನಲ್ಲಿ ಎಲ್ಲರೂ ಬೆರಗಾದರು. ಹಸಿರಿನಲ್ಲಿ ಕೈಗುರುತು ಬರೀ ಕಲೆಯಾಗಿ ಕಂಡಿತು, ಬಿಳಿ ಬೆಳಕು ಬರುವಷ್ಟರಲ್ಲಿ ಗುರುತು ಹರಡಿಹೋಗಿತ್ತು. ನಿಂಬೆರಸ ಹಾಕಿದರೆ ಬಟ್ಟೆ ಮತ್ತೆ ಹಳದಿಗೆ ಬರುತ್ತದೆ, ಹಾಳಾಗುವುದಿಲ್ಲ. ಬೇರೆ ನಾಟಕಕ್ಕೆ ಇದನ್ನು ತೆಗೆದಿಟ್ಟಿದ್ದೇನೆ.

ಬಯಲಿನಲ್ಲಿ ಆಡುವಾಗ ಬೀದಿದೀಪವೇ ದೊಡ್ಡ ಶತ್ರು. ಹೊಸದುರ್ಗದ ಕಡೆ ಒಂದು ಊರಿನಲ್ಲಿ ವೇದಿಕೆಯ ಪಕ್ಕದ ಕಂಬದ ಒಂದೇ ಒಂದು ಬಲ್ಬು ನಮ್ಮ ಕಪ್ಪನ್ನೆಲ್ಲ ಕೆಂಪು ಮಾಡಿಬಿಟ್ಟಿತು. ಈಗ ಒಪ್ಪಿಕೊಳ್ಳುವಾಗಲೇ ಲೈನ್‌ಮನ್‌ಗೆ ಹೇಳಿ ಅದನ್ನು ಆರಿಸಿಕೊಡಬೇಕೆಂದು ಮಾತಾಡಿಕೊಳ್ಳುತ್ತೇವೆ, ಹುಣ್ಣಿಮೆಯ ಆಸುಪಾಸಿನ ದಿನಗಳನ್ನು ಕೊಡುವುದಿಲ್ಲ.

ಹಣದ ಲೆಕ್ಕ ನೆನಪಿನಿಂದ ಹೇಳುತ್ತಿದ್ದೇನೆ. ಒಟ್ಟು ಅರವತ್ತೈದು ಸಾವಿರದ ಸುತ್ತಮುತ್ತ ಖರ್ಚಾಯಿತು. ತಂಡದವರು ತಲಾ ಮೂರು ಸಾವಿರ ಹಾಕಿದರು. ಹತ್ತು ಸಾವಿರ ಕೊಡುವುದಾಗಿ ಹೇಳಿದ್ದ ವ್ಯಾಪಾರಿಯೊಬ್ಬರು ನಾಯಕ ಪೊಲೀಸನನ್ನು ಕೊಲ್ಲುತ್ತಾನೆಂದು ತಿಳಿದು ಹಿಂದೆ ಸರಿದರು. ನೂರು ರೂಪಾಯಿಯ ಟಿಕೆಟ್ಟಿನಲ್ಲಿ ಹಾಕಿದ ಹಣ ಬರಲಿಲ್ಲ. ಊರುಗಳಿಂದ ಕರೆಸಿಕೊಂಡವರು ಕೊಟ್ಟ ಸಂಭಾವನೆಯಿಂದಲೇ ಎಲ್ಲರ ಹಣ ತಿರುಗಿ ಬಂದದ್ದು, ದೀಪಗಳು ತಂಡದ ಆಸ್ತಿಯಾಗಿ ಉಳಿದವು. ಪಾಪ್ಲಿನ್ ಏಳೆಂಟು ಒಗೆತಕ್ಕೆ ಮಂಕಾಗುವುದರಿಂದ ಉಡುಪನ್ನು ಆಗಾಗ ಹೊಸದಾಗಿ ಹೊಲಿಸಬೇಕಾಗುತ್ತದೆ, ಇನ್ನೊಂದು ಲಾಟಿನ ನೀಲಿ ಇದೇ ಛಾಯೆಯಲ್ಲಿ ಸಿಗುತ್ತದೆಂಬ ಭರವಸೆ ಇಲ್ಲ. ಹಾಗಾಗಿ ಅದೇ ಥಾನಿನಿಂದ ಇನ್ನೂ ಮೂರು ಉಡುಪುಗಳಿಗೆ ಆಗುವಷ್ಟು ಬಟ್ಟೆಯನ್ನು ಮೊದಲೇ ಕತ್ತರಿಸಿ ತಂದಿಟ್ಟುಕೊಂಡಿದ್ದೇನೆ.