ಉಲ್ಟಾ ಉದ್ರಿ: ದಿವಾಳಿ ಎದ್ದ ಮೇಲೆ ಮನೆ ನಡೆಸಿದ ಲೆಕ್ಕ

ಐವತ್ತು ರೂಪಾಯಿ. 1920ರ ಪ್ರಾಂತೀಯ ದಿವಾಳಿತನ ಕಾಯ್ದೆಯ 72ನೇ ಕಲಮನ್ನು ನಮ್ಮ ವಕೀಲರು ಓದಿ ಹೇಳಿದಾಗ ನನಗೆ ನಗು ಬಂತು. ದಿವಾಳಿ ಎಂದು ಘೋಷಿತನಾಗಿ, ಹಳೆಯ ಸಾಲಗಳಿಂದ ಬಿಡುಗಡೆಯ ಆದೇಶವನ್ನು ಕೋರ್ಟಿನಿಂದ ಇನ್ನೂ ಪಡೆಯದವನು, ಆ ಸಂಗತಿ ತಿಳಿಸದೆ ಯಾರಿಂದಲಾದರೂ ಐವತ್ತು ರೂಪಾಯಿ ಅಥವಾ ಮೇಲ್ಪಟ್ಟು ಸಾಲ ಪಡೆದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನನ್ನನ್ನು ದಿವಾಳಿ ಎಂದು ಘೋಷಿಸಿದ ಆದೇಶ ಬಂದ 2020ರಲ್ಲಿ ಐವತ್ತು ರೂಪಾಯಿಗೆ ಅರ್ಧ ಕಿಲೋ ತೊಗರಿ ಬೇಳೆ ಬರುತ್ತಿತ್ತು. ಕಿರಾಣಿ ಅಂಗಡಿಯಲ್ಲಿ ನಿಂತು "ಬರೆದುಕೊಳ್ಳಿ" ಎನ್ನುವ ಮೊದಲು, "ನಾನು ದಿವಾಳಿ, ಇನ್ನೂ ಬಿಡುಗಡೆಯಾಗಿಲ್ಲ" ಎಂದು ಹೇಳಬೇಕು. ಹೇಳಿದ ಮೇಲೆ ಯಾರು ಬರೆದುಕೊಳ್ಳುತ್ತಾರೆ?

ಕಲಬುರಗಿಯಲ್ಲಿ ಉದ್ರಿ ಇಲ್ಲದೆ ಒಂದು ತಿಂಗಳೂ ಸಂಸಾರ ನಡೆಯುವುದಿಲ್ಲ ಎಂದು ನನ್ನ ಮಾವನವರು ಹೇಳಿದರು. ವಕೀಲರೂ ಅದನ್ನೇ ಹೇಳಿದರು, ಕೊಂಚ ನಯವಾಗಿ. ನಾನು ನಾಲ್ಕು ವರ್ಷ ನಡೆಸಿದೆ. ಹೇಗೆಂದು ಗಂಜಿನ, ಅಂದರೆ ಧಾನ್ಯದ ಸಗಟು ಮಾರುಕಟ್ಟೆಯ, ಹಳೆಯ ಗೆಳೆಯರು ಕೇಳುತ್ತಲೇ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಅರ್ಜಿ ಹಾಕುವುದು, ರಿಸೀವರ್ (ದಿವಾಳಿಯಾದವನ ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸಿದವರು), ಸಾಲ ಕೊಟ್ಟವರ ಪಟ್ಟಿ, ಇವೆಲ್ಲ ಈ ದಾರಿಯಲ್ಲಿ ನಡೆದವರಿಗೆ ಗೊತ್ತೇ ಇದೆ.

ನನ್ನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ನೆಹರು ಗಂಜಿನಲ್ಲಿ ಅಡತ್ ಅಂಗಡಿಯಿತ್ತು, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವುದು. ತೊಗರಿ ಏರಿದ್ದ ಕಾಲದಲ್ಲಿ ಇನ್ನೂ ಏರುತ್ತದೆಂದು ಕ್ವಿಂಟಲಿಗೆ ಹತ್ತು ಸಾವಿರದ ಆಸುಪಾಸಿನಲ್ಲಿ ತುಂಬಿಟ್ಟೆ. 2017ರ ಹೊತ್ತಿಗೆ ಸರ್ಕಾರದ ಬೆಂಬಲ ಬೆಲೆ 5,050 ಇದ್ದರೂ ಗಂಜಿನಲ್ಲಿ ಆ ದರ ಸಿಗುತ್ತಿರಲಿಲ್ಲ. ಬ್ಯಾಂಕು, ನೂರಕ್ಕೆ ಎರಡರ ಕೈಗಡ, ಮಾರಿದ ಮಾಲಿನ ಲೆಕ್ಕದಲ್ಲಿ ರೈತರಿಗೆ ಕೊಡಬೇಕಾದ ಬಾಕಿ, ಎಲ್ಲ ಕೂಡಿ ಮೂವತ್ತು ಲಕ್ಷದ ಮೇಲೆ. ಅಡವಿಟ್ಟ ಮನೆ ಬ್ಯಾಂಕಿಗೆ ಹೋಯಿತು. 2018ರ ಕೊನೆಯಲ್ಲಿ ಅರ್ಜಿ ಹಾಕಿದೆ. ಬ್ರಹ್ಮಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, 4,500. ನಾನು ಬೇರೆಯವರ ದಾಲ್ ಮಿಲ್ಲಿನಲ್ಲಿ ಗುಮಾಸ್ತನಾದೆ, 13 ಸಾವಿರ. ಹೆಂಡತಿಯ ಹೊಲಿಗೆಯಿಂದ ಮೂರು ಸಾವಿರ, ಹಬ್ಬದ ತಿಂಗಳು ಐದು. ಹೊಲಿಗೆ ಯಂತ್ರ ಕಸುಬಿನ ಸಾಧನ, ಅದನ್ನು ಜಪ್ತಿ ಮಾಡುವಂತಿಲ್ಲ. ಅಡುಗೆ ಪಾತ್ರೆ, ಹಾಸಿಗೆ, ಉಡುವ ಬಟ್ಟೆ ಕೂಡ. ಇದನ್ನು ತಿಳಿಯದೆ ಅವಳು ಮೊದಲ ವಾರ ಯಂತ್ರವನ್ನು ತವರಿನಲ್ಲಿ ಅಡಗಿಸಿಟ್ಟಿದ್ದಳು. ಅಡಗಿಸಿದ್ದೇ ತಪ್ಪಾಗುತ್ತಿತ್ತು, ಮರುದಿನವೇ ತರಿಸಿದೆ.

ಮೊದಲು ಮಾಡಿದ್ದು ಎಲ್ಲರೂ ಹೇಳುವ ಡಬ್ಬಿ ಪದ್ಧತಿ. ಏಳು ಸ್ಟೀಲ್ ಡಬ್ಬಿ, ಬಾಡಿಗೆಗೊಂದು, ಹಾಲಿಗೊಂದು, ಶಾಲೆಗೊಂದು, ಹೀಗೆ. ಎರಡು ತಿಂಗಳೂ ಬಾಳಲಿಲ್ಲ. ಹದಿನೆಂಟನೇ ತಾರೀಖಿಗೆ ಹಾಲಿನ ಡಬ್ಬಿ ಶಾಲೆಯ ಡಬ್ಬಿಗೆ 340 ಕೊಡಬೇಕು, ಬಾಡಿಗೆಯದು ಔಷಧಿಯದಕ್ಕೆ 600 ಕೊಡಬೇಕು. ಕೋರ್ಟಿನಲ್ಲಿರುವ ಸಾಲ ಕೊಟ್ಟವರ ಪಟ್ಟಿ ಸಾಲದೆಂದು ಮನೆಯಲ್ಲಿ ಇನ್ನೊಂದು ತಯಾರಾಯಿತು. ಡಬ್ಬಿಗಳಲ್ಲಿ ಈಗ ಹಿಂಡಿ, ಸಾಸಿವೆ ಇವೆ.

ತಪ್ಪು ಎಲ್ಲಿದೆಯೆಂದು ತಿಳಿಯಲು ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬೇಕಾಯಿತು. ಇಪ್ಪತ್ತು ವರ್ಷ ಗಂಜಿನಲ್ಲಿ ಕಿರ್ದಿ ಬರೆದವನು ಮನೆಯ ಕಿರ್ದಿ ಒಂದು ದಿನವೂ ಬರೆದಿರಲಿಲ್ಲ. ರಾತ್ರಿ ಊಟವಾದ ಮೇಲೆ ಹಿಂದಿನ ದಿನದ ಶಿಲ್ಕು (ಉಳಿಕೆ), ಇವತ್ತಿನ ಜಮಾ, ಖರ್ಚು, ಕೈಯಲ್ಲಿರುವ ಶಿಲ್ಕು. ನೋಟು ಎಣಿಸಿ ತಾಳೆಯಾಗದಿದ್ದರೆ ದೀಪ ಆರಿಸುವಂತಿಲ್ಲ. ಒಮ್ಮೆ ಏಳು ರೂಪಾಯಿಗಾಗಿ ಹನ್ನೊಂದು ಗಂಟೆಯವರೆಗೆ ಕುಳಿತೆವು. ಮಗ ಗಣಿತದ ಗ್ರಾಫ್ ಹಾಳೆ ತಂದಿದ್ದ. ಹೀಗೆ ಬರೆದ ಮೂರು ತಿಂಗಳಲ್ಲಿ ತಿಳಿದದ್ದು ಇಷ್ಟು: ನಮ್ಮ ರೊಕ್ಕ ತಿಂಗಳ ಮೊದಲ ಎಂಟು ದಿನದಲ್ಲೇ ಅರ್ಧಕ್ಕಿಂತ ಹೆಚ್ಚು ಕರಗುತ್ತಿತ್ತು. ಮಾಲೀಕರಿಗೆ ಹೇಳಿ ಸಂಬಳವನ್ನು ಒಂದು, ಹನ್ನೊಂದು, ಇಪ್ಪತ್ತೊಂದನೇ ತಾರೀಖಿಗೆ ಮೂರು ಪಾಲು ಮಾಡಿಸಿಕೊಂಡೆ. ಅವರನ್ನು ಹೇಗೆ ಒಪ್ಪಿಸಿದೆ ಎಂಬುದು ನನ್ನಲ್ಲೇ ಇರಲಿ, ಆ ಮಿಲ್ಲಿನಲ್ಲಿ ಇನ್ನೂ ಇಬ್ಬರು ಅದನ್ನೇ ಕೇಳುತ್ತಿದ್ದಾರೆ.

ಇನ್ನು ಉಲ್ಟಾ ಉದ್ರಿ. ಅಂಗಡಿಯವರು ನನಗೆ ಸಾಲ ಕೊಟ್ಟರೆ ತಾನೇ ಕಲಮು? ನಾನೇ ಅವರಲ್ಲಿ ಮುಂಗಡ ಇಟ್ಟರೆ? ಗಂಜಿನಲ್ಲಿ ಮಾಲಿಗೆ ಮುಂಗಡ ಕೊಡುವುದು ಹೊಸದಲ್ಲ, ಕಿರಾಣಿಯಲ್ಲಿ ಯಾರೂ ಮಾಡುವುದಿಲ್ಲ ಅಷ್ಟೇ.

ಮೊದಲ ಸಲ ಪೂರ್ತಿ ಮುಳುಗಿದೆ. ಹಳೆಯ ಅಂಗಡಿಗೇ ಹೋಗಿ 1,500 ಕೊಟ್ಟೆ. ಮೂರನೇ ದಿನ ಎಣ್ಣೆಗೆ ಹೋದರೆ, "ಅದನ್ನು ಹಿಂದಿನ ಬಾಕಿಗೆ ಹಿಡಿದೆ" ಎಂದರು. ಅವರ ಹಿಂದಿನ ಬಾಕಿ ಕೋರ್ಟಿನ ಪಟ್ಟಿಯಲ್ಲಿತ್ತು. ಎಲ್ಲರನ್ನೂ ಬಿಟ್ಟು ಅವರೊಬ್ಬರಿಗೆ ತೀರಿಸುವಂತೆಯೂ ಇರಲಿಲ್ಲ. ವಕೀಲರಿಗೆ ಹೇಳಿದರೆ ಬೈದರು, ಕಾಗದ ಬರೆಸಿ ಪಟ್ಟಿಯಲ್ಲಿ ತಿದ್ದಿಸಬೇಕಾಯಿತು. ರೊಕ್ಕ ವಾಪಸ್ ಬರಲಿಲ್ಲ. ಆ ಹತ್ತು ದಿನ ಮನೆಯಲ್ಲಿ ಜೋಳದ ನುಚ್ಚು, ಪುಂಡಿ ಪಲ್ಯ. ಹೆಂಡತಿ ಮಾತಾಡಲಿಲ್ಲ.

ಎರಡನೆಯ ಸಲ ಹಳೆಯ ಬಾಕಿಯೇ ಇಲ್ಲದ ಅಂಗಡಿ ಹುಡುಕಿದೆ, ಶಹಾಬಜಾರಿನ ಕಡೆ. ದೀಪಾವಳಿಯ ಕುಪ್ಪಸಗಳ ಹೊಲಿಗೆ ರೊಕ್ಕ 1,200 ಕೈಯಲ್ಲಿತ್ತು, ಎಂಟು ನೂರು ಮುಂದಿಟ್ಟೆ.

"ಸಾಹುಕಾರರೇ, ಮಾಲು ಒಯ್ಯುವ ಮೊದಲೇ ರೊಕ್ಕವೇ? ನಾಳೆ ನಾನೇ ಅಂಗಡಿ ಮುಚ್ಚಿದರೆ?" ಎಂದರು ಅಂಗಡಿಯವರು. ನನ್ನ ಅಂಗಡಿ ಹೋಗಿ ವರ್ಷಗಳಾಗಿದ್ದರೂ ಅವರ ಬಾಯಲ್ಲಿ ನಾನು ಸಾಹುಕಾರ.

"ಎಂಟು ನೂರಕ್ಕೆ ಯಾರೂ ಅಂಗಡಿ ಮುಚ್ಚುವುದಿಲ್ಲ. ನನಗೆ ಗೊತ್ತು, ನಾನು ಮುಚ್ಚಿದ್ದು ಮೂವತ್ತು ಲಕ್ಷಕ್ಕೆ" ಎಂದೆ.

ಅವರು ಕೆಂಪು ರಟ್ಟಿನ ಉದ್ದ ಪುಸ್ತಕವನ್ನು ತೆಗೆದು, ಸ್ವಲ್ಪ ಯೋಚಿಸಿ, ತಲೆಕೆಳಗು ಮಾಡಿ ಕೊನೆಯ ಪುಟದಿಂದ ನನ್ನ ಹೆಸರು ಬರೆದರು. "ಆ ಕಡೆಯಿಂದ ಜನ ನನಗೆ ಕೊಡಬೇಕಾದ್ದು. ಈ ಕಡೆಯಿಂದ ನಾನು ನಿಮಗೆ ಕೊಡಬೇಕಾದ್ದು. ಎರಡೂ ಕೂಡುವ ದಿನ ನೋಡೋಣ."

ಅವತ್ತಿನಿಂದ ಹತ್ತು ದಿನಕ್ಕೊಮ್ಮೆ 1,700ರ ಸುಮಾರು ಇಟ್ಟು ಅದರಲ್ಲೇ ತಂದೆವು. ನಾನೇ ಹಾಕಿಕೊಂಡ ಕಟ್ಟಳೆ ಒಂದು: ಶಿಲ್ಕು ನೂರಕ್ಕಿಂತ ಕೆಳಗಿಳಿದರೆ ಆ ಪಾಲು ಮುಗಿದಂತೆ, ಸಕ್ಕರೆಯಿಲ್ಲದಿದ್ದರೆ ಬೆಲ್ಲ, ಬೆಲ್ಲವೂ ಇಲ್ಲದಿದ್ದರೆ ಚಹಾ ಇಲ್ಲ. ಮುಂಗಡ ಕೊಡುವ ಗಿರಾಕಿಗೆ ಅಂಗಡಿಯವರು ಎಣ್ಣೆ, ಅಕ್ಕಿಯಲ್ಲಿ ಒಂದೆರಡು ರೂಪಾಯಿ ಬಿಡತೊಡಗಿದರು. ತಿಂಗಳಿಗೆ 150 ಉಳಿದಿರಬಹುದು. ಅದಕ್ಕಿಂತ ದೊಡ್ಡ ಲಾಭ, ಹೆಂಡತಿ ಅಂಗಡಿಗೆ ತಲೆಯೆತ್ತಿ ಹೋಗುವಂತಾದದ್ದು. ಆಮೇಲೆ ಔಷಧಿ ಅಂಗಡಿಯಲ್ಲೂ ಮುಂಗಡ ಶುರುಮಾಡಿದೆವು, ಅಮ್ಮನ ರಕ್ತದೊತ್ತಡದ ಮಾತ್ರೆಗೆ. ಹಾಲಿನವರು ಮಾತ್ರ ಒಪ್ಪಲಿಲ್ಲ, "ಎಮ್ಮೆ ಬತ್ತಿದರೆ ನಿಮ್ಮ ರೊಕ್ಕ ಎಲ್ಲಿಂದ ತರಲಿ" ಎಂದರು. ಅವರಿಗೆ ದಿನವೂ ನಗದು.

ವಕೀಲರು ಒಂದು ತಕರಾರು ತೆಗೆದರು: ಅಂಗಡಿಯಲ್ಲಿಟ್ಟ ಮುಂಗಡವೂ ನಿನ್ನ ಆಸ್ತಿಯೇ, ದಿವಾಳಿಯಾದವನ ಆಸ್ತಿ ರಿಸೀವರ್ ಕೈಗೆ ಸೇರಿದ್ದು. ಹಾಗಾಗಿ ಕಿರ್ದಿಯಲ್ಲಿ ಪ್ರತಿ ಪೈಸೆ ತೋರಿಸಿದೆ. ರಿಸೀವರ್ ಪುಸ್ತಕ ತಿರುವಿ, ಗ್ರಾಫ್ ಹಾಳೆಯ ಏಳು ರೂಪಾಯಿ ನೋಡಿ, ಏನೂ ಹೇಳದೆ ಹಿಂದಿರುಗಿಸಿದರು. ಅಂದಹಾಗೆ ವಕೀಲರ ಶುಲ್ಕ ಮಾತ್ರ ಉದ್ರಿಯಲ್ಲೇ ಇತ್ತು. ನಾನು ದಿವಾಳಿ ಎಂದು ಅವರಿಗೆ ಪ್ರತ್ಯೇಕ ತಿಳಿಸುವ ಅಗತ್ಯವಿರಲಿಲ್ಲವಲ್ಲ.

ನಡುವೆ ಕೆಲವು ಪ್ರಯೋಗ ಮಾಡಿದೆ. ವಾರಕ್ಕೊಮ್ಮೆ ಖಡಕ್ ರೊಟ್ಟಿ ಬಡಿದಿಟ್ಟರೆ ಸಿಲಿಂಡರ್ 38 ದಿನದಿಂದ 47-48 ದಿನಕ್ಕೆ ಎಳೆಯಿತು, ಇದು ಗೆದ್ದಿತು. ಸುಗ್ಗಿಯಲ್ಲಿ ಎರಡು ಕ್ವಿಂಟಲ್ ಜೋಳ ಒಟ್ಟಿಗೆ ತಂದದ್ದು ಮೊದಲ ವರ್ಷ ದೇವರು ಕಣ್ಣುಬಿಟ್ಟಂತೆ ಕಾಯಿತು. 2020ರ ಮಾರ್ಚಿನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮೂರಿನಲ್ಲೇ ಆಗಿ, ಊರಿಗೂರೇ ಬಾಗಿಲು ಹಾಕಿ, ಮಿಲ್ಲಿನ ಸಂಬಳ ಒಂದೂವರೆ ತಿಂಗಳು ನಿಂತಾಗ ಆ ಜೋಳವೇ ಇತ್ತು. ಮರುವರ್ಷ ಬೇವಿನ ಎಲೆ ಸರಿಯಾಗಿ ಒಣಗಿಸದೆ ಹಾಕಿದೆ, ಮಳೆಗಾಲಕ್ಕೆ ನುಸಿ ಹಿಡಿದು ಮೂವತ್ತು ಕಿಲೋ ಹೋಯಿತು. ತೊಗರಿ ತಂದು ಮನೆಯಲ್ಲೇ ಬೇಳೆ ಒಡೆಯುವ ಹುಚ್ಚು ಬಂದದ್ದಂತೂ ನಾಚಿಕೆಗೇಡು. ಎಣ್ಣೆ ಸವರಿ, ಬಿಸಿಲಿಗೆ ಹಾಕಿ, ಬೀಸುಕಲ್ಲಿನಲ್ಲಿ ಒಡೆದು ಹತ್ತು ಕಿಲೋಗೆ ಆರು ಕಿಲೋ ಬಂತು. ಹಗಲೆಲ್ಲ ಮಿಲ್ಲಿನಲ್ಲಿ ಕೂತವನು ಮಾಡಿದ ಲೆಕ್ಕ! ಬೀಸಿದವಳ ತೋಳು ಊದಿ ಹೊಲಿಗೆ ಮೂರು ದಿನ ನಿಂತಿತು. ಕೊನೆಗೆ ಬೇಳೆ ನುಚ್ಚನ್ನೇ ಅರ್ಧ ಬೆಲೆಗೆ ತರತೊಡಗಿದೆ. ಗಂಜಿನಲ್ಲಿ ಅದು ಎಲ್ಲಿ, ಯಾವ ಹೊತ್ತಿಗೆ ಸಿಗುತ್ತದೆ ಎಂದು ಕೇಳಬೇಡಿ.

ಮುಯ್ಯಿಯೇ ಎಲ್ಲಕ್ಕಿಂತ ಕಷ್ಟದ್ದು. ಮದುವೆಗೆ ಹೋದರೆ ಐನೂರು, ಹೋಗದಿದ್ದರೆ ಮಾತು. ಎರಡು ವರ್ಷ ಅಕ್ಕನ ಮನೆಯ ಕಾರ್ಯಕ್ಕೂ ಬರಿಗೈಯಲ್ಲಿ ಹೋದೆ. ಕಿರ್ದಿಯಲ್ಲಿ ಅದಕ್ಕೆ ಕಲಮಿಲ್ಲ.

2024ರ ಆರಂಭದಲ್ಲಿ ಬಿಡುಗಡೆಯ ಆದೇಶ ಬಂತು. ಗೃಹಲಕ್ಷ್ಮಿಯ ಎರಡು ಸಾವಿರದಿಂದ ಬದುಕಿದೆ ಎನ್ನುವವರಿಗೆ ಹೇಳುತ್ತೇನೆ: ಅದು ಬಂದದ್ದು 2023ರ ಆಗಸ್ಟಿನ ನಂತರ, ಆ ಹೊತ್ತಿಗೆ ನನ್ನ ಕಿರ್ದಿ ಎಂಟನೇ ಪುಸ್ತಕದಲ್ಲಿತ್ತು. ಮಾವನವರು ಮಾತ್ರ ಈಗ, "ಅಳಿಯಂದಿರ ಉಪಾಯ ಮೊದಲೇ ಗೊತ್ತಿತ್ತು" ಎಂದು ಊರೆಲ್ಲ ಹೇಳುತ್ತಿದ್ದಾರೆ.

ಆದೇಶ ಬಂದ ಸಂಜೆ ಪೇಡೆ ತೆಗೆದುಕೊಂಡು ಅಂಗಡಿಗೆ ಹೋದೆ. "ಹಾಗಾದರೆ ಇನ್ನು ಮೊದಲ ಪುಟದ ಕಡೆಯಿಂದ ಬರೆಯಲೇ?" ಎಂದು ಕೇಳಿದರು. ಹೆಂಡತಿ ಬೇಡವೆಂದಳು. ಕೊನೆಯ ಪುಟದ ಕಡೆ ನಮ್ಮ ಶಿಲ್ಕು ಇನ್ನೂ 312 ರೂಪಾಯಿ ಇತ್ತು. ಮಗ ಈಗ ಬೀದರಿನಲ್ಲಿ ಓದುತ್ತಿದ್ದಾನೆ. ಅಲ್ಲಿನ ಮೆಸ್ಸಿನಲ್ಲೂ ಹತ್ತು ದಿನದ ಮುಂಗಡಕ್ಕೆ ಮಾತಾಡುತ್ತಿದ್ದೇನೆ. ತಿಂಗಳದ್ದು ಪೂರ್ತಿ ಕೊಡಿ ಎನ್ನುತ್ತಾರೆ, ಇನ್ನೂ ಒಪ್ಪಿಲ್ಲ.