ಸೂಪರ್‌ಹೀರೋ ಚಿತ್ರದ ಮುಂದಿನ ಭಾಗ ಎಲ್ಲಿ ಸೋತಿತೆಂದು ಗುರುತಿಸುವ ಬಗೆ

ವರ್ಷಗಟ್ಟಲೆ ಕಾದು ನೋಡಿದ ಸೂಪರ್‌ಹೀರೋ ಚಿತ್ರದ ಮುಂದಿನ ಭಾಗ ನಿರಾಸೆ ಮಾಡಿದಾಗ, ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ ಎಂದು ಬರೆದು ವಿಮರ್ಶೆ ಮುಗಿಸುವುದು ಸುಲಭ. ಆದರೆ ಆ ಒಂದು ಸಾಲಿನಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ನಿರೀಕ್ಷೆ ಯಾವುದು, ಅದನ್ನು ಹುಟ್ಟಿಸಿದ್ದು ಹಿಂದಿನ ಚಿತ್ರವೋ ಪ್ರಚಾರವೋ, ಅದು ಯಾವ ದೃಶ್ಯದಲ್ಲಿ ಮುರಿಯಿತು ಎಂಬುದನ್ನು ವಿಮರ್ಶಕ ಬೆರಳಿಟ್ಟು ತೋರಿಸಬೇಕು. ಅದರ ಕ್ರಮವನ್ನು ಸ್ಯಾಮ್ ರೈಮಿ ನಿರ್ದೇಶಿಸಿದ, 2007ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಸ್ಪೈಡರ್‌ಮ್ಯಾನ್ 3’ ಚಿತ್ರವನ್ನೇ ಉದಾಹರಣೆಯಾಗಿಟ್ಟುಕೊಂಡು ವಿವರಿಸುತ್ತೇನೆ. ಮೊದಲೆರಡು ಭಾಗಗಳ ಮೇಲಿನ ಪ್ರೀತಿಯಿಂದಲೇ ಈ ಚಿತ್ರವನ್ನು ಆರಿಸಿಕೊಂಡಿದ್ದೇನೆ.

ಮೊದಲು ಗಳಿಕೆಯ ಲೆಕ್ಕವನ್ನು ಪಕ್ಕಕ್ಕಿಡಿ. 2002ರ ಮೊದಲ ಭಾಗ ಜಗತ್ತಿನಾದ್ಯಂತ ಸುಮಾರು 82 ಕೋಟಿ ಡಾಲರ್, 2004ರ ಎರಡನೆಯದು ಸುಮಾರು 79 ಕೋಟಿ ಡಾಲರ್ ಗಳಿಸಿದರೆ, ಮೂರನೆಯದು 89 ಕೋಟಿ ಡಾಲರ್ ದಾಟಿತು. ಮೂರರಲ್ಲಿ ಹೆಚ್ಚು ಜನರಿಗೆ ನಿರಾಸೆ ಮಾಡಿದ ಚಿತ್ರವೇ ಹೆಚ್ಚು ಹಣ ತಂದಿತು. ಹಿಂದಿನ ಭಾಗದ ಮೇಲಿನ ನಂಬಿಕೆಯಿಂದ ಮೊದಲ ವಾರ ಟಿಕೆಟ್ ಕೊಳ್ಳುವವರೇ ಹೆಚ್ಚಾದ್ದರಿಂದ, ಆ ಅಂಕಿಗಳಲ್ಲಿ ಹಳೆಯ ಚಿತ್ರದ ಪುಣ್ಯವೂ ಸೇರಿರುತ್ತದೆ.

ಅನಂತರ ಹಿಂದಿನ ಭಾಗದ ಕೊನೆಯ ಹತ್ತು ನಿಮಿಷಗಳನ್ನು ಮತ್ತೆ ನೋಡಿ, ಅಲ್ಲಿ ಕಟ್ಟದೆ ಬಿಟ್ಟ ಎಳೆಗಳನ್ನು ಬರೆದಿಟ್ಟುಕೊಳ್ಳಿ. ‘ಸ್ಪೈಡರ್‌ಮ್ಯಾನ್ 2’ರ ಕೊನೆಯಲ್ಲಿ ನಾಯಕಿ ಮೇರಿ ಜೇನ್ ಬೇರೊಬ್ಬನೊಡನೆ ನಡೆಯಬೇಕಿದ್ದ ತನ್ನ ಮದುವೆಯನ್ನೇ ಬಿಟ್ಟು, ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್‌ನ ಕೋಣೆಗೆ ಓಡಿ ಬರುತ್ತಾಳೆ. ಹೊರಗೆ ಪೊಲೀಸ್ ಸೈರನ್ ಕೇಳಿಸುತ್ತದೆ, ಅವಳೇ ಅವನನ್ನು ಹೋಗೆಂದು ಕಳಿಸುತ್ತಾಳೆ. ಕಿಟಕಿಯಲ್ಲಿ ನಿಂತು ನೋಡುವ ಅವಳ ಮುಖದ ನಗು ಮೆಲ್ಲನೆ ಇಳಿದು ಆತಂಕವಾಗುತ್ತಿದ್ದಂತೆ ಚಿತ್ರ ಮುಗಿಯುತ್ತದೆ. ಅದಕ್ಕೆ ಸ್ವಲ್ಪ ಮೊದಲು, ತಂದೆಯ ಸಾವಿಗೆ ಸ್ಪೈಡರ್‌ಮ್ಯಾನೇ ಕಾರಣವೆಂದು ನಂಬಿದ ಪೀಟರ್‌ನ ಗೆಳೆಯ ಹ್ಯಾರಿ ತನ್ನ ತಂದೆಯ ಗುಪ್ತ ಆಯುಧಾಗಾರವನ್ನು ಕಂಡಿರುತ್ತಾನೆ. ಹೀಗೆ ಮುಂದಿನ ಭಾಗದ ಮೇಲೆ ಎರಡು ಋಣಗಳಿದ್ದವು: ಇಂಥವನೊಡನೆ ಬಾಳುವುದು ಹೇಗೆಂಬ ಅವಳ ಪ್ರಶ್ನೆ, ಮತ್ತು ಗೆಳೆಯನ ಸೇಡು. ನಮ್ಮ ನಿಜವಾದ ನಿರೀಕ್ಷೆ ಇದೇ.

ಈಗ ಹೊಸ ಚಿತ್ರವನ್ನು ಎರಡನೇ ಸಲ, ಕಾಗದ ಪೆನ್ನು ಹಿಡಿದು ನೋಡಿ, ಒಂದೊಂದು ಋಣಕ್ಕೂ ಎಷ್ಟು ಹೊತ್ತು ಸಂದಿದೆ ಎಂದು ಗುರುತು ಹಾಕಿಕೊಳ್ಳಿ. ‘ಸ್ಪೈಡರ್‌ಮ್ಯಾನ್ 3’ರಲ್ಲಿ ಹ್ಯಾರಿ ಮೊದಲ ಕಾಳಗದಲ್ಲೇ ತಲೆಗೆ ಪೆಟ್ಟು ತಿಂದು ನೆನಪು ಕಳೆದುಕೊಳ್ಳುತ್ತಾನೆ. ಎರಡು ಚಿತ್ರಗಳಿಂದ ಬೆಳೆದು ಬಂದ ದ್ವೇಷವನ್ನು ಅಲ್ಲಿಗೆ ತಡೆಹಿಡಿಯುವುದು ಸ್ಯಾಂಡ್‌ಮ್ಯಾನ್ ಮತ್ತು ವೆನಮ್ ಎಂಬ ಇನ್ನಿಬ್ಬರು ಖಳರಿಗೆ ಜಾಗ ಬೇಕಾಗಿದ್ದರಿಂದ. ಅಷ್ಟಾಗಿಯೂ ವೆನಮ್ ಪೂರ್ಣರೂಪದಲ್ಲಿ ಕಾಣಿಸಿಕೊಳ್ಳುವುದು ಕೊನೆಯ ಭಾಗದಲ್ಲಿ ಮಾತ್ರ. ಎಲ್ಲ ಪಾತ್ರಗಳಲ್ಲೂ ತನಗೆ ನಂಬಿಕೆ ಇರಲಿಲ್ಲವೆಂದು ರೈಮಿ ವರ್ಷಗಳ ನಂತರ ಬಹಿರಂಗವಾಗಿ ಒಪ್ಪಿಕೊಂಡರು.

ಕಾಕತಾಳೀಯಗಳನ್ನೂ ಎಣಿಸಿ. ಆಕಾಶದಿಂದ ಬಿದ್ದ ಉಲ್ಕೆ ಪೀಟರ್ ಕುಳಿತ ಜಾಗದ ಹತ್ತಿರವೇ ಬೀಳುತ್ತದೆ. ಅದರೊಳಗಿನ ಜೀವಿ ಮೈಗಂಟಿ ಆದ ಕಪ್ಪು ಉಡುಪನ್ನು ಅವನು ಕಿತ್ತೆಸೆಯಲು ಹೋದ ಚರ್ಚಿನಲ್ಲೇ ಅವನ ವೈರಿ, ಮುಂದೆ ವೆನಮ್ ಆಗುವ ಎಡ್ಡಿ ಬ್ರಾಕ್, ಪ್ರಾರ್ಥಿಸುತ್ತಿರುತ್ತಾನೆ. ಹ್ಯಾರಿಯ ತಂದೆ ಸತ್ತದ್ದು ಹೇಗೆಂಬ ಸತ್ಯವನ್ನು ಅಷ್ಟು ಕಾಲ ಬಾಯಿ ಬಿಡದ ಮನೆಯ ಸೇವಕ ಕ್ಲೈಮ್ಯಾಕ್ಸ್‌ಗೆ ಸರಿಯಾಗಿ ಹೇಳುತ್ತಾನೆ. ಕಥೆಯನ್ನು ಶುರುಮಾಡಲು ಒಂದು ಆಕಸ್ಮಿಕ ನಡೆದೀತು. ಮನುಷ್ಯರ ನಿರ್ಧಾರದಿಂದ ಬಿಡಿಸಬೇಕಾದ ಗಂಟನ್ನೂ ಆಕಸ್ಮಿಕವೇ ಬಿಡಿಸಿದರೆ ಪ್ರೇಕ್ಷಕನ ಹಿಡಿತ ಸಡಿಲಾಗುತ್ತದೆ.

ಇದೆಲ್ಲಕ್ಕಿಂತ ಗಂಭೀರವಾಗಿ ಪರಿಶೀಲಿಸಬೇಕಾದದ್ದು, ಹೊಸ ಭಾಗ ಹಳೆಯದರ ಬುನಾದಿಯನ್ನು ಮುಟ್ಟಿದೆಯೇ ಎಂಬುದು. ಮೊದಲ ಚಿತ್ರದಲ್ಲಿ ಪೀಟರ್ ಬೇಕೆಂದೇ ಬಿಟ್ಟುಬಿಟ್ಟ ಕಳ್ಳನೇ ಅವನ ದೊಡ್ಡಪ್ಪ ಬೆನ್‌ನನ್ನು ಕೊಲ್ಲುತ್ತಾನೆ. ಆ ಅಪರಾಧಪ್ರಜ್ಞೆಯೇ ಅವನನ್ನು ಸ್ಪೈಡರ್‌ಮ್ಯಾನ್ ಮಾಡುತ್ತದೆ. ಮೂರನೆಯದರಲ್ಲಿ ಗುಂಡು ಹಾರಿಸಿದವನು ಬೇರೊಬ್ಬನೆಂದು, ಅವನೇ ಸ್ಯಾಂಡ್‌ಮ್ಯಾನ್ ಎಂದು ತಿಳಿಯುತ್ತದೆ. ಖಳನಿಗೂ ನಾಯಕನಿಗೂ ನಂಟು ಕಲ್ಪಿಸುವ ಅವಸರದಲ್ಲಿ ಚಿತ್ರ ಪೀಟರ್‌ನ ಹೆಗಲ ಭಾರವನ್ನು ಹಗುರ ಮಾಡಿಬಿಟ್ಟಿದೆ. ನನ್ನ ದೃಷ್ಟಿಯಲ್ಲಿ ಚಿತ್ರದ ಅತಿ ದೊಡ್ಡ ತಪ್ಪು ಇದೇ. ಜನ ಹೆಚ್ಚಾಗಿ ದೂರುವ ಪೀಟರ್‌ನ ಬೀದಿ ಕುಣಿತ ಇದರ ಮುಂದೆ ಏನೂ ಅಲ್ಲ.

ಒಳ್ಳೆಯದನ್ನು ಅಷ್ಟೇ ಗಮನವಿಟ್ಟು ಬರೆಯಿರಿ. ಸ್ಯಾಂಡ್‌ಮ್ಯಾನ್ ಹುಟ್ಟುವ ದೃಶ್ಯದಲ್ಲಿ ಒಂದೇ ಒಂದು ಮಾತಿಲ್ಲ. ಮರಳ ಕಣಗಳು ಉರುಳಿ ಕೂಡಿಕೊಳ್ಳುತ್ತವೆ, ಎದ್ದು ನಿಲ್ಲಲು ಯತ್ನಿಸಿದ ದೇಹ ಕುಸಿಯುತ್ತದೆ, ಮಗಳ ಚಿತ್ರವಿರುವ ಲಾಕೆಟ್ಟನ್ನು ಎತ್ತಿಕೊಳ್ಳಲು ಹೋದ ಕೈ ಪುಡಿಪುಡಿಯಾಗುತ್ತದೆ. ಅದನ್ನು ಹಿಡಿಯಬೇಕೆಂಬ ಹಟದಿಂದಲೇ ಆ ಮರಳು ಮತ್ತೆ ಮನುಷ್ಯನಾಗುತ್ತದೆ. ಇಂಥ ದೃಶ್ಯವನ್ನು ಕೊಡಬಲ್ಲ ನಿರ್ದೇಶಕನ ಚಿತ್ರ ಎಂಬುದು ತಿಳಿದಾಗಲೇ ಉಳಿದ ಭಾಗದ ಸೋಲು ಎಷ್ಟು ದೊಡ್ಡದೆಂದು ಓದುಗರಿಗೆ ಅರ್ಥವಾಗುತ್ತದೆ.

ಬರೆಯುವಾಗ ಋಣಗಳಿಂದ ಆರಂಭಿಸಿ, ಬುನಾದಿ ಅಲುಗಿದ ದೃಶ್ಯಕ್ಕೆ ಹೆಚ್ಚು ಜಾಗ ಕೊಡಿ, ಗಳಿಕೆಯನ್ನು ಒಂದೇ ವಾಕ್ಯದಲ್ಲಿ ಹೇಳಿ. ಕರಡನ್ನು ಓದಿ ನೋಡುವಾಗ ‘ನಿರೀಕ್ಷೆ’ ಎಂಬ ಪದ ಬಂದ ಕಡೆಯಲ್ಲೆಲ್ಲ ಅದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಕಿಟಕಿಯ ಬಳಿ ನಿಂತ ಮೇರಿ ಜೇನ್‌ಳ ಮುಖದಂಥ ಒಂದು ದೃಶ್ಯವನ್ನು ಇಡಿ.