ಕಾಟಾದ ಸಾಫ್ಟ್‌ವೇರ್ ಉಳಿಸಿದ ಐದು ರಾತ್ರಿ

"ಇಮೇಜ್ ಗಿಮೇಜ್ ಬಿಡೋ ಮಾರಾಯ, ಫಾರ್ಮ್ಯಾಟ್ ಹೊಡಿ, ಹೊಸದಾಗಿ ವಿಂಡೋಸ್ ಹಾಕು." ಹಳೇ ಡಿಸ್ಕಿನದನ್ನೆಲ್ಲ ಇದ್ದಂಗೇ ಇಮೇಜ್, ಅಂದರೆ ಪೂರ್ತಿ ನಕಲು, ತೆಗೆದು ಹೊಸ ಎಸ್‌ಎಸ್‌ಡಿಗೆ ಇಳಿಸ್ತೀನಿ ಅಂದಾಗ ಕಲಬುರಗಿ ಸೂಪರ್ ಮಾರ್ಕೆಟ್ ಕಡೆಯ ನಮ್ಮ ಕಂಪ್ಯೂಟರ್ ರಿಪೇರಿ ಲೈನಿನ ಹುಡುಗರೆಲ್ಲ ಇದನ್ನೇ ಅಂದರು. ಮಷಿನ್ ಕಪನೂರ ಕಡೆಯ ಒಂದು ದಾಲ್‌ಮಿಲ್‌ದು. ಟ್ಯಾಲಿ ಡೇಟಾ, ನುಡಿಯಲ್ಲಿ ಟೈಪ್ ಮಾಡಿದ ಪತ್ರಗಳು, ಇವೆಲ್ಲ ಕಾಪಿ ಆಗ್ತಾವ. ಆದರೆ ಲಾರಿ ತೂಗುವ ಕಾಟಾದ ಸಾಫ್ಟ್‌ವೇರ್‌ನ ಸಿಡಿ ಯಾರ ಹತ್ತಿರವೂ ಇಲ್ಲ. ಬರೆದುಕೊಟ್ಟವ ಫೋನ್ ಎತ್ತೋದು ಬಿಟ್ಟು ನಾಲ್ಕು ವರ್ಷ. ತೊಗರಿ ಸೀಸನ್ ಮುಗಿದಿತ್ತು, ಅದಕ್ಕೇ ಮಾಲೀಕರು ಮಷಿನ್ ಬಿಟ್ಟುಕೊಟ್ಟರು.

ಇಮೇಜ್ ತೆಗೆಯೋ ಸಾಫ್ಟ್‌ವೇರ್ ಮ್ಯಾಕ್ರಿಯಂ ಫ್ರೀ 2024ರ ಜನವರಿಗೆ ನಿಂತ ಮೇಲೆ ನಾನು ಅದೇ ಕೆಲಸ ಮಾಡೋ ಕ್ಲೋನ್‌ಜಿಲ್ಲಾದವ. ಮೊದಲ ರಾತ್ರಿ ಅದು ವಿಂಡೋಸ್ ಪಾರ್ಟಿಷನ್ ಮುಟ್ಟಲೇ ಇಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡದೆ ಶಟ್‌ಡೌನ್ ಮಾಡಿದ್ದೆ, ವಿಂಡೋಸ್ ಪೂರ್ತಿ ಆರದೆ ಅರೆನಿದ್ದೆಯಲ್ಲಿತ್ತು, ನನ್ನದೇ ತಪ್ಪು. ಎರಡನೇ ರಾತ್ರಿ ಶೇ. 63ಕ್ಕೆ ಬಂದು ರೀಡ್ ಎರರ್. ಮತ್ತೆ ಹಾಕಿದರೂ ಅದೇ 63. ಡಿಸ್ಕೇ ಸಾಯ್ತಾ ಇತ್ತು.

ಕೆಟ್ಟ ಡಿಸ್ಕಿನಿಂದ ಓದಲು ಬಂದಷ್ಟನ್ನ ಎಳೆಯೋ ಡಿಡಿ-ರೆಸ್ಕ್ಯೂ ಹಚ್ಚಿ ಬೇರೆ 1 ಟಿಬಿ ಡಿಸ್ಕಿಗೆ ಎಳೆದೆ. ಏಪ್ರಿಲ್ ಬಿಸಿಲು, ಡಿಸ್ಕ್ 57 ಡಿಗ್ರಿ ತೋರಿಸ್ತಿತ್ತು. ಟೇಬಲ್ ಫ್ಯಾನ್ ಎದುರಿಗಿಟ್ಟರೆ 44ಕ್ಕೆ ಇಳೀತು. ಒದ್ದೆ ಬಟ್ಟೆಯನ್ನೂ ಪ್ರಯತ್ನಿಸಿದೆ, ನೀವು ಮಾಡಬೇಡಿ. ನಡುರಾತ್ರಿ ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟಿತು. ಎಲ್ಲಿವರೆಗೆ ಓದಿದೆ ಅಂತ ಗುರುತಿಡೋ ಮ್ಯಾಪ್ ಫೈಲ್ ಪೆನ್‌ಡ್ರೈವ್‌ನಲ್ಲಿದ್ದದ್ದಕ್ಕೆ ನಿಂತಲ್ಲಿಂದಲೇ ಮುಂದುವರೀತು. ಸುಮಾರು 14 ತಾಸು, ಬರದೇ ಉಳಿದದ್ದು ಇನ್ನೂರು ಕೆಬಿ ಆಸುಪಾಸು. ತಪ್ಪು ತಿದ್ದೋ ಚೆಕ್‌ಡಿಸ್ಕ್ ಹೊಡೆದದ್ದು ಕಾಪಿಯ ಮೇಲೆ, ಮೂಲದ ಮೇಲಲ್ಲ.

ಇನ್ನು ಇಮೇಜ್ ಸಲೀಸು ಅಂದುಕೊಂಡೆ. ತೆಗೆದದ್ದು ಸರಿ, ವೆರಿಫೈ ಫೇಲ್. ಒಮ್ಮೆ 20ಕ್ಕೆ, ಒಮ್ಮೆ 71ಕ್ಕೆ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, 350 ರೂಪಾಯಿ ದಂಡ. ಆಮೇಲೆ ಹೊಳೀತು: ಒಂದೇ ಜಾಗಕ್ಕೆ ನಿಂತರೆ ಡಿಸ್ಕ್, ಸಲಕ್ಕೊಂದು ಜಾಗಕ್ಕೆ ನಿಂತರೆ ರ‍್ಯಾಮ್. ಮೆಮೊರಿ ಪರೀಕ್ಷಿಸೋ ಮೆಮ್‌ಟೆಸ್ಟ್ ಹಾಕಿ ಇಪ್ಪತ್ತು ನಿಮಿಷಕ್ಕೆ ಸ್ಕ್ರೀನ್ ಕೆಂಪು, ಅಂದರೆ ಎರರ್. ಕೆಟ್ಟದ್ದು ಗಿರಾಕಿಯದ್ದಲ್ಲ, ನನ್ನ ಅಂಗಡಿ ಮಷಿನ್‌ನ ಮೆಮೊರಿ ಕಡ್ಡಿ!

ಹೊಸ 8 ಜಿಬಿ ಕಡ್ಡಿಗೆ 1,700 ಹೋಯ್ತು. ಅದಕ್ಕಿಂತ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಡಿಡಿ-ರೆಸ್ಕ್ಯೂ ಕಾಪಿಯೂ ಅದೇ ರ‍್ಯಾಮ್ ಮೂಲಕವೇ ಹೋಗಿತ್ತು, ನಂಬೋದು ಹೆಂಗ? ಸಾಯೋ ಡಿಸ್ಕನ್ನ ಮತ್ತೊಮ್ಮೆ ಮೊದಲಿಂದ ಓಡಿಸಿದೆ. ಆ ರಾತ್ರಿ ಫ್ಯಾನ್ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದ್ದೆ. ಟಿಕ್ ಅಂದರೆ ಎದ್ದು ಕೂಡೋದು. ಪುಣ್ಯಕ್ಕೆ ತಾಳಿಕೊಂಡಿತು.

ಈ ಸಲ ವೆರಿಫೈ ಪಾಸ್. ಸುಮ್ಮನೆ ಕುತೂಹಲಕ್ಕೆ ಅದೇ 170 ಜಿಬಿಯನ್ನ ಎರಡು ಬಗೆ ಕಂಪ್ರೆಷನ್‌ನಲ್ಲಿ, ಹಳೇ ಜಿಜಿಪ್‌ನಲ್ಲೂ ಹೊಸ ಝಡ್‌ಸ್ಟ್ಯಾಂಡರ್ಡ್‌ನಲ್ಲೂ, ತೆಗೆದು ನೋಡಿದೆ. ಸೈಜ್ ಹೆಚ್ಚುಕಡಿಮೆ ಒಂದೇ, ಸಮಯ ಮಾತ್ರ ಜಿಜಿಪ್‌ನ ಒಂದೂವರೆ ತಾಸಿನ ಬದಲು ಝಡ್‌ಸ್ಟ್ಯಾಂಡರ್ಡ್‌ಗೆ ಐವತ್ತು ನಿಮಿಷ.

ಹೊಸ ಎಸ್‌ಎಸ್‌ಡಿ 480 ಜಿಬಿ, ಹಳೇದು 500. ಸಣ್ಣ ಡಿಸ್ಕಿಗೆ ಇಳಿಸೋದು ಕ್ಲೋನ್‌ಜಿಲ್ಲಾ ಒಲ್ಲೆ ಅಂತದ. ಕಾಪಿಯಲ್ಲಿ ಸಿ ಡ್ರೈವ್ ಕುಗ್ಗಿಸಿ ಮತ್ತೆ ಇಮೇಜ್ ತೆಗೀಬೇಕಾಯ್ತು. ಕೊನೆಗಿರೋ ರಿಕವರಿ ಪಾರ್ಟಿಷನ್ ಹೆಂಗ ಸರಿಸಿದೆ ಅಂತ ಬರೆಯಲ್ಲ, ಹೊಟ್ಟೆಪಾಡು.

ಮಿಲ್ಲಿನಲ್ಲಿ ಹಚ್ಚಿದ ಕೂಡಲೇ ನೀಲಿ ಸ್ಕ್ರೀನ್. ಬಯಾಸ್ ಬ್ಯಾಟರಿ ಸತ್ತು, ಡಿಸ್ಕ್ ಜೊತೆ ಮಾತಾಡೋ ಸೆಟ್ಟಿಂಗ್ (ಸಾಟಾ ಮೋಡ್) ಬದಲಾಗಿತ್ತು, ಮತ್ತೆ ಎಎಚ್‌ಸಿಐ ಮಾಡಿದೆ, ಎದ್ದಿತು. ಹಮಾಲರು ಕಾಟಾದ ಮೇಲೆ ಎರಡು ಚೀಲ ಇಟ್ಟರು. ಸ್ಕ್ರೀನ್ ಮೇಲೆ 100 ಕೆಜಿ. ಬಿಲ್ 4,500 ಮಾಡಿದ್ದೆ. ಸಾಹುಕಾರರು 4,000 ಎಣಿಸಿಕೊಟ್ಟು, ಮೇಲೆ ಐದು ಕಿಲೊ ತೊಗರಿಬ್ಯಾಳಿ ಕಟ್ಟಿಸಿದರು.